ಸೊರಬದ ಬಸ್ಸಿನಲ್ಲಿ ಟೋಕಿಯೋಗೆ

ಏಯ್, ಯಾರ್ರೋ ಅಲ್ಲಿ ಕಟ್ಟೆ ಮೇಲೆ ಕೂತೋರು! ಬರ್ರೋ ಇತ್ಲಾಗೆ. ಬಳ್ಳಿಗಾವಿ ತೋಟಪ್ಪ ಸೊರಬದ ಬಸ್ ಹತ್ಕಂಡು ಜಪಾನಿಗೆ ಹೋದ ಕಥೆ ಕೇಳ್ರೋ!

ಐವತ್ತೆಂಟನೇ ಇಸವಿಯ ಮಾತು. ಜಪಾನಿ ಪದ್ಧತಿಯಲ್ಲಿ ಹಗ್ಗ ಹಿಡಿದು ಸಾಲಾಗಿ ನಾಟಿ ಮಾಡಿಸಿ, ತಾಲ್ಲೂಕಿಗೇ ಹೆಚ್ಚು ಭತ್ತ ಬೆಳೆದವನು ತೋಟಪ್ಪ. ಜಪಾನಿನ ಗದ್ದೆ ನೋಡಿ ಬರಲು ರೈತರನ್ನು ವಿಮಾನದಲ್ಲಿ ಕಳಿಸುತ್ತಾರೆ, ನಿನ್ನ ಹೆಸರೂ ಇದೆ ಎಂದು ಬ್ಲಾಕ್ ಆಫೀಸಿನವರು ಹೇಳಿ ಹೋದಂದಿನಿಂದ ಅವನಿಗೆ ಊಟ ನಿದ್ದೆ ಯಾವುದೂ ಬೇಕಿರಲಿಲ್ಲ. ಅಡ್ಡ ನಿಂತವಳು ಹೆಂಡತಿ ಸರ್ವಮಂಗಳ. ಅವಳು ಹೂಂ ಅನ್ನದೆ ಆ ಮನೆಯಿಂದ ಒಂದು ಕರುವೂ ಆಚೆ ಹೋಗುತ್ತಿರಲಿಲ್ಲ.

"ಶಿಕಾರಿಪುರ ಮುಟ್ಟೋದ್ರಾಗೆ ಬಸ್ಸಲ್ಲಿ ಎರಡು ಸಲ ವಾಂತಿ ಮಾಡ್ತೀರಿ. ಜಪಾನ್ ಎಷ್ಟು ದೂರ ಐತ್ರೀ?"

"ಕಲ್ಕತ್ತಾದಿಂದ ಟೋಕಿಯೋಗೆ ಮೂರು ಸಾವಿರ ಮೈಲಿ ಮೇಲಂತೆ ಕಣೇ. ಹದಿನೈದು ತಾಸು. ಮಧ್ಯದಾಗೆ ಬ್ಯಾಂಕಾಕ್, ಹಾಂಗ್‌ಕಾಂಗ್ ಅಂತ ಎರಡು ಕಡೆ ಇಳಿಸ್ತಾರಂತೆ."

"ಹಂಗಾರೆ ಹದಿನೈದು ತಾಸು ಬಸ್ಸಲ್ಲಿ ಕೂತು ತೋರಿಸ್ರಿ. ವಾಂತಿ ಆಗಬಾರದು. ಆ ಎರಡು ಕಡೆ ಬಿಟ್ಟು ಎಲ್ಲೂ ನೆಲಕ್ಕೆ ಕಾಲಿಡಬಾರದು. ಆಮೇಲೆ ಹೋಗೀರಂತೆ."

ನಡುರಾತ್ರಿಯೇ ಗಾಡಿ ಕಟ್ಟಿಸಿಕೊಂಡು ತೋಟಪ್ಪ ಮಾರನೇ ದಿನ ನಸುಕಿಗೆ ಶಿಕಾರಿಪುರಕ್ಕೆ ಬಂದು, ಜೇಬಲ್ಲೊಂದು ನಿಂಬೆಹಣ್ಣಿಟ್ಟುಕೊಂಡು, ಸೊರಬದ ಬಸ್ಸು ಹತ್ತಿದ. ಹೋಗುವುದು, ಬರುವುದು, ಮತ್ತೆ ಹೋಗುವುದು. ಬೆಳಿಗ್ಗೆ ಸೊರಬವೇ ಬ್ಯಾಂಕಾಕ್. ಇಳಿದು ಚಹಾ ಕುಡಿದ. ಮಧ್ಯಾಹ್ನ ಅದೇ ಸೊರಬ ಹಾಂಗ್‌ಕಾಂಗ್ ಆಯಿತು. ಇಳಿದು ರೊಟ್ಟಿಯ ಬುತ್ತಿ ಬಿಚ್ಚಿದ. ಹೊಟ್ಟೆ ತೊಳಸಿದಾಗಲೆಲ್ಲ ನಿಂಬೆಹಣ್ಣು ಮೂಸಿ, ಕಣ್ಣುಮುಚ್ಚಿ ಜಪಾನಿನ ಗದ್ದೆ ನೆನೆದ. ಕಂಡಕ್ಟರ್ ಕಲ್ಲಪ್ಪನೇ ಸಾಕ್ಷಿ.

ರಾತ್ರಿ ಕೊನೆಯ ಸಲ ವಾಪಸ್ಸು ಬರುವಾಗ ಶಿರಾಳಕೊಪ್ಪದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದರು.

"ತೋಟಪ್ನೋರೆ, ಇಳೀರಿ, ದೂಕಾಕೆ ಒಂದು ಕೈ ಹಾಕ್ರಿ" ಎಂದ ಕಲ್ಲಪ್ಪ.

"ಆಗಲ್ಲಪ್ಪೋ. ಕೆಳಗೆ ಸಮುದ್ರ ಐತೆ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ದೂಕುತ್ತಿದ್ದ ಮುದುಕಿ ಗುಡ್ಡಮ್ಮ ತಲೆ ಎತ್ತಿದಳು. "ಎಲಾ ಇವ್ನ! ಹಂಗಾರೆ ನಾವೇನು ಮೀನೇನೋ?"

"ಸಿಟ್ಟಾಗಬ್ಯಾಡ ಅಜ್ಜಿ, ಟೋಕಿಯೋ ಹತ್ರ ಬಂತು. ಇನ್ನೊಂಚೂರು ದೂಕು!" ಎಂದು ತೋಟಪ್ಪ ಕಿಟಕಿಯಿಂದಲೇ ಕೈಮುಗಿದ.

ಬೈಗುಳದ ಮಳೆಯಲ್ಲೇ ಬಸ್ಸು ಕದಲಿತು.

ಶಿಕಾರಿಪುರದಲ್ಲಿ ಸರ್ವಮಂಗಳ ಕಾಯುತ್ತಿದ್ದಳು. "ಒಂದು ಸಲಾನೂ ವಾಂತಿ ಆಗಲಿಲ್ರವ್ವ, ದೇವರಾಣೆ" ಎಂದ ಕಲ್ಲಪ್ಪ. ತೋಟಪ್ಪ ಗೆದ್ದ ಮುಖ ಮಾಡಿಕೊಂಡು ಬಾಗಿಲಿಗೆ ಬಂದ.

"ಟೋಕಿಯೋ ಬಂತಲ್ಲೇ, ಈಗೇನಂತೀ?"

"ಹೋಗಾದೇನೋ ಹೋದ್ರಿ" ಎಂದಳು ಸರ್ವಮಂಗಳ. "ವಾಪಸ್ ಬರಾದು? ಅದನ್ನೂ ನೋಡದೆ ಹೆಂಗ್ರೀ ಕಳಿಸ್ಲಿ?"

ಕೊನೆಯ ಮೆಟ್ಟಿಲ ಮೇಲಿದ್ದ ತೋಟಪ್ಪನ ಕಾಲು ಅಲ್ಲೇ ನಿಂತಿತು. ಅವನು ಅವಳ ಮುಖ ನೋಡಿದ. ಅವಳು ಸೆರಗಿನ ಗಂಟು ಬಿಚ್ಚಿ ಹೊಸ ನಿಂಬೆಹಣ್ಣು ಚಾಚಿದಳು. ತೋಟಪ್ಪ ಅದನ್ನು ತೆಗೆದುಕೊಂಡು, ಕಾಲು ಮೇಲಕ್ಕೆಳೆದುಕೊಂಡು, ಖಾಲಿ ಬಸ್ಸಿನೊಳಗೆ ಹೋಗಿ ಅದೇ ಸೀಟಿನಲ್ಲಿ ಕೂತ.