ಮಡಚಿದ ಬಲಗಾಲು

ಬೆಳಗಿನ ಆರು ಗಂಟೆ. ತುರ್ತು ಚಿಕಿತ್ಸಾ ವಿಭಾಗದ ಸ್ಟ್ರೆಚರ್ ಮೇಲೆ ಲಾರಿ ಚಾಲಕನೊಬ್ಬ ಬಲ ಮೊಣಕಾಲು ಮಡಚಿಕೊಂಡು ಮಲಗಿದ್ದಾನೆ. ನೋವು ಬೆನ್ನಿನ ಕಡೆಗೆ. ಚೀಟಿಯಲ್ಲಿ ‘ಕಿಡ್ನಿ ಕಲ್ಲು, ಇಂಜೆಕ್ಷನ್, ಮನೆಗೆ’ ಎಂದಿದೆ. ಅವನನ್ನು ಗೇಟಿನವರೆಗೆ ತಳ್ಳಬೇಕಾದ ಆಸ್ಪತ್ರೆಯ ಅಟೆಂಡರ್ ಮಾತ್ರ ತಳ್ಳುತ್ತಿಲ್ಲ.

“ಕಾಲು ಚಾಚಪ್ಪ.”

“ಆಗಲ್ಲ ಅಣ್ಣಾ, ಜೀವ ಹೋಗುತ್ತೆ.”

ಗಾಡಿ ಡಾಕ್ಟರ ಮೇಜಿನತ್ತ ತಿರುಗುತ್ತದೆ.

“ಬಂದ್ರಪ್ಪಾ ಪ್ರೊಫೆಸರ್ರು! ನೀವೇ ಕುಯ್ದುಬಿಡಿ,” ಕಿರಿಯ ವೈದ್ಯರು ತಲೆ ಎತ್ತುವುದಿಲ್ಲ.

“ಕುಯ್ಯೋದು ನೀವೇ ಸಾರ್, ನಾನು ತಳ್ಳೋನು. ಒಂದ್ಸಲ ಕಾಲು ಹಿಡಿದು ನೋಡಿ.”

ಗೊಣಗುತ್ತ ಎದ್ದ ವೈದ್ಯರು ಕಾಲನ್ನು ಚಾಚಿಸಲು ನೋಡುತ್ತಾರೆ. ಚಾಲಕ ಕಿರುಚುತ್ತಾನೆ. ಸ್ಕ್ಯಾನಿಂಗ್‌ಗೆ ಚೀಟಿ ಬರೆಯುತ್ತಾರೆ.

‘ಪ್ರೊಫೆಸರ್’ ಓದಿದ್ದು ಏಳನೇ ಕ್ಲಾಸು. ಇಪ್ಪತ್ತಾರು ವರ್ಷದಿಂದ ದಿನಕ್ಕೆ ನಲವತ್ತು ಸಲ ಸ್ಟ್ರೆಚರ್ ತಳ್ಳುತ್ತಾರೆ. ಅಪೆಂಡಿಕ್ಸ್ ಎಲ್ಲರಲ್ಲೂ ಒಂದೇ ಕಡೆಗೆ ಚಾಚಿರುವುದಿಲ್ಲ. ಅದು ದೊಡ್ಡ ಕರುಳಿನ ಹಿಂದೆ ಅಡಗಿದ್ದರೆ ಹೊಟ್ಟೆ ಒತ್ತಿದರೂ ಅಷ್ಟಾಗಿ ನೋಯದೆ ಬೆನ್ನು ನೋಯಬಹುದು; ಬಲಗಾಲು ಚಾಚಿದರೆ ನೋವು ಹೆಚ್ಚುತ್ತದೆ, ಮಡಚಿದರೆ ಕೊಂಚ ಆರಾಮ. ರೋಗ ಗುರುತಿಸುವುದು ತಡವಾದರೆ ಆಪರೇಷನ್ ಹೊತ್ತಿಗೆ ಒಡೆದಿರುತ್ತದೆ. ಇದನ್ನು ಅವರು ಕಲಿತದ್ದು ಒಡಹುಟ್ಟಿದ ತಂಗಿಯಿಂದ.

ಹನ್ನೊಂದು ವರ್ಷದ ಹಿಂದೆ ಅವಳನ್ನೂ ಇವರೇ ತಳ್ಳಿದ್ದರು. ಲಿಫ್ಟಿನ ಬಾಗಿಲಿಗೆ ತಗುಲದಂತೆ ರೋಗಿಯ ಕಾಲು ನೆಟ್ಟಗೆ ಮಾಡಿ ಪಟ್ಟಿ ಬಿಗಿಯುವುದು ಇಲ್ಲಿನ ನಿಯಮ.

“ಅವಳು ಕಾಲು ಮಡಚ್ತಾನೇ ಇದ್ಳು. ‘ಸುಮ್ನೆ ಮಲಗೇ, ನಾಟಕ ಆಡಬೇಡ’ ಅಂತ ಮೊಣಕಾಲು ಒತ್ತಿ ಬಿಗಿದೆ. ಡಾಕ್ಟರು ನೋಡೋ ಹೊತ್ತಿಗೆ ಕಾಲು ನೆಟ್ಟಗಿತ್ತು. ಕಟ್ಟಿದ್ದು ನಾನೇ.”

ಕಿಡ್ನಿ ಕಲ್ಲೆಂದೇ ಎರಡು ದಿನ ಕಳೆಯಿತು. ಮೂರನೇ ದಿನ ಹೊಟ್ಟೆ ತೆರೆದರೆ ಒಳಗೆಲ್ಲ ಕೀವು. ಒಂಬತ್ತನೇ ದಿನ ಶವಾಗಾರಕ್ಕೂ ಅಣ್ಣನೇ ತಳ್ಳಿದರು. ಅಂದಿನಿಂದ ಅವರು ಯಾರ ಬಲಗಾಲಿಗೂ ಪಟ್ಟಿ ಬಿಗಿದಿಲ್ಲ. ಅದಕ್ಕಾಗಿ ನಾಲ್ಕು ಮೆಮೊ ಸಿಕ್ಕಿವೆ.

ಮಧ್ಯಾಹ್ನ ಸುದ್ದಿ ಬರುತ್ತದೆ: ಚಾಲಕನ ಅಪೆಂಡಿಕ್ಸ್ ಕರುಳಿನ ಹಿಂದೆಯೇ ಇತ್ತು, ತುದಿ ಒಡೆದಿತ್ತು. ಹೊಟ್ಟೆಗೆ ಪೈಪು ಹಾಕಿದ್ದಾರೆ. ಎರಡು ವಾರ ನರಳಬೇಕು, ಆದರೆ ಬದುಕುತ್ತಾನೆ. ಕೇಸ್ ಶೀಟಿನಲ್ಲಿ ಗಾಡಿ ತಳ್ಳಿದವರ ಹೆಸರು ಬರೆಯಲು ಜಾಗವಿಲ್ಲ.

ಅವರಿಗೆ ಬೇಕಿರುವುದು ಅದಲ್ಲ. “ಗಾಡಿಗೊಂದು ಸಣ್ಣ ದಿಂಬು ಕೊಡಿ, ಮೊಣಕಾಲ ಕೆಳಗಿಡೋಕೆ ಅಂತ ಐದು ಸಲ ಬರೆದುಕೊಟ್ಟೆ. ನೋಡೋಣ ಅಂದ್ರು, ನೋಡ್ತಾನೇ ಇದಾರೆ.” ಸದ್ಯಕ್ಕೆ ತಮ್ಮ ಸ್ವೆಟರನ್ನೇ ಸುತ್ತಿ ಇಡುತ್ತಾರೆ. ಬೆವರು ನಾತ ಎಂದು ರೋಗಿಗಳು ಬೈಯುತ್ತಾರಂತೆ.

“ಬೈಲಿ ಬಿಡಿ. ಕಾಲು ಮಡಚಿಕೊಂಡೇ ಬೈತಾರಲ್ಲ.”