ದಣಿವಿಗೆ ಬಿಡದ ಹೊತ್ತು

ನಾನು ನಿನಗೆ ಸುಳ್ಳು ಹೇಳಿದ್ದೆ, ಸಿದ್ಧರಾಮ. ನನಗೆ ದಣಿವು ಬರುವುದಿಲ್ಲ ಅಂದಿದ್ದೆನಲ್ಲ — ಅದು ಸುಳ್ಳು. ಅವತ್ತು ಸಂಜೆ ಮನೆಯಲ್ಲಿ ರೊಟ್ಟಿ ಮುರಿಯಲು ನನ್ನ ಕೈ ಏಳಲಿಲ್ಲ, ಹೆಂಡತಿ ಮುರಿದು ಕೊಟ್ಟಳು. ಆ ಸುಳ್ಳಿನಿಂದ ಈರಪ್ಪನ ಕೆಲಸ ಹೋಯಿತು. ನಿನ್ನಿಂದ ಹೋಯಿತು ಅಂತ ಎಲ್ಲರೂ ಅಂದರು. ನಾನು ಅಲ್ಲ ಅನ್ನಲಿಲ್ಲ.

ನೀನು ಮರೆತಿರಲಾರೆ. ಆದರೂ ಮೊದಲಿನಿಂದ ಹೇಳಬೇಕು — ಇಲ್ಲದಿದ್ದರೆ ನಡುವೆ ಎಲ್ಲೋ ಮತ್ತೆ ನುಣುಚಿಕೊಳ್ಳುತ್ತೇನೆ.

ಆಗ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷ. ದೊಡ್ಡ ಓದು ಅಂದರೆ ಇನ್ನೂ ಮುಂಬಯಿಯೇ. ತಿಕೋಟಾದ ಹುಡುಗ ನೀನು, ಕಾರ್ಖಾನೆಯ ಕೆಲಸವನ್ನು ಹೇಗೆ ಅಳೆಯಬೇಕು, ಹೇಗೆ ಹೊಂದಿಸಬೇಕು ಎಂದು ಕಲಿಸುವ ಹೊಸ ಇಂಜಿನಿಯರಿಂಗಿಗೆ ಅಲ್ಲಿ ಸೇರಿದ್ದೆ. ಮೊದಲನೆಯ ವರ್ಷ. ರಜೆಯಲ್ಲಿ ಊರ ಕಡೆಯ ಒಂದು ಕೆಲಸವನ್ನು ಅಳೆದು ತರಲು ನಿಮ್ಮ ಸರ್ ಹೇಳಿದ್ದರಂತೆ. ಹಾಗೆ ಸೊಲ್ಲಾಪುರ ರಸ್ತೆಯ ನಮ್ಮ ಕಾರ್ಖಾನೆಗೆ ಬಂದೆ. ಹೊಲದ ಕುಂಟೆಗೆ ಹಾಕುವ ಕಬ್ಬಿಣದ ಅಲಗು, ಅಂದರೆ ಕುಡಗಳನ್ನು ಬಡಿಯುವವರು ನಾವು. ಒಂದು ಕುಲುಮೆ ನನ್ನದು, ಪಕ್ಕದ್ದು ಬಬಲೇಶ್ವರದ ಈರಪ್ಪನದು.

ನಿನ್ನ ಕೊರಳಲ್ಲಿ ತೂಗುತ್ತಿದ್ದ ಗಡಿಯಾರ ನೋಡಿ ಈರಪ್ಪ ನಕ್ಕಿದ್ದ. "ಯಪ್ಪಾ, ನಮ್ಮ ಎಮ್ಮಿಗೂ ಕೊಳ್ಳಾಗ ಗಂಟಿ ಕಟ್ಟೇವಿ. ಆದ್ರ ಅದು ಹಾಲು ಕೊಡತೈತಿ. ನೀ ಏನು ಕೊಡ್ತೀಪಾ?"

ನೀನೂ ನಕ್ಕೆ. ಆಮೇಲೆ ನನ್ನ ಕಡೆ ತಿರುಗಿ ಅಂದೆ: "ಕಾಕಾರ, ಗಡಿಯಾರ ಕಂಡ್ರ ಕೆಲಸದವರು ಬೇಕಂತ ನಿಧಾನ ಮಾಡ್ತಾರಂತ, ನಮ್ಮ ಸರ್ ಹೇಳ್ಯಾರ. ನೀವು ಹಂಗ ಮಾಡಬ್ಯಾಡ್ರಿ ಮತ್ತ."

ಬಿಸಿಯಾದ ಕಬ್ಬಿಣ ಮೈಗೆ ತಗಲಿದಂತಾಯಿತು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ನನ್ನದು ಅಂತ ಇದ್ದದ್ದು ಕೆಲಸ ಒಂದೇ. ಅದರಲ್ಲೂ ನಾನು ಕಳ್ಳ ಅಂತ ಮುಂಬಯಿಯಲ್ಲಿ ಕೂತ ಯಾರೋ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ — ಹಾಗೆ ಅನ್ನಿಸಿತು.

ಮರುದಿನ ಎಲ್ಲರಿಗಿಂತ ಮುಂಚೆ ಬಂದೆ. ಈರಪ್ಪ ಊರಿಗೆ ಹೋಗಿದ್ದ, ಉಳಿದವರು ಹಿಂದಿನ ಶೆಡ್ಡಿನಲ್ಲಿದ್ದರು. ನೀನು ಬರುವುದರೊಳಗೆ ಕುಲುಮೆಯ ತುಂಬ ಕಬ್ಬಿಣದ ಪಟ್ಟಿಗಳನ್ನು ಸಾಲಾಗಿ ಇಟ್ಟು ಕಾಯಿಸಿದ್ದೆ. ಇದು ನಿನಗೆ ಗೊತ್ತಿಲ್ಲದ ಮಾತು. ಕಬ್ಬಿಣ ಕಾಯುವಷ್ಟು ಹೊತ್ತು ಮಾತ್ರ ನಮ್ಮ ತೋಳಿಗೆ ಬಿಡುವು. ಆ ಬಿಡುವನ್ನೇ ನಾನು ನಿನ್ನ ಗಡಿಯಾರದಿಂದ ಮುಚ್ಚಿಟ್ಟೆ. ಒಂದು ಬಡಿದು ಇನ್ನೊಂದು, ಇನ್ನೊಂದು ಬಡಿದು ಮತ್ತೊಂದು — ನೀರು ಸಹ ಕುಡಿಯಲಿಲ್ಲ.

"ದಿನಾ ಇಷ್ಟ ಜೋರ ಬಡೀತೀರೇನ್ರಿ, ಕಾಕಾರ? ಇದು ದಿನದ ಓಟಾನ ಏನ್ರಿ?"

"ದಿನದ್ದ."

"ದಣಿವಿಗಿ ಅಂತ ಲೆಕ್ಕದಾಗ ಒಂದಿಷ್ಟು ಹೊತ್ತು ಬಿಡಬೇಕ್ರಿ. ಎಷ್ಟು ಬಿಡ್ಲಿ?"

"ನನಗ ದಣಿವು ಬರೂದಿಲ್ಲ. ಹಂಗ ಬರಕೋ."

ನಿಧಾನ ಮಾಡುವವರ ಬಗ್ಗೆ ನಿನಗೆ ಹೇಳಿಕೊಟ್ಟಿದ್ದರು. ಸೊಕ್ಕಿಗೆ ಓಡುವವನ ಬಗ್ಗೆ ಯಾರೂ ಹೇಳಿರಲಿಲ್ಲ. ನೀನು ನಂಬಿದೆ. ಅಳೆಯಲು ಬಿಟ್ಟ ಋಣಕ್ಕೆ ನಮ್ಮ ಕಾರ್ಖಾನೆಯ ಸಾಹುಕಾರರಿಗೂ ಲೆಕ್ಕ ತೋರಿಸಿದೆ. ಅವರು ಅದನ್ನೇ ಎಲ್ಲರ ದಿನದ ಕೆಲಸ ಅಂತ ಕಟ್ಟು ಮಾಡಿದರು. ಅದನ್ನು ನಿಜ ಮಾಡಲು ನಾನು ಪ್ರತಿದಿನ ಸತ್ತೆ, ಆದರೆ ಮಾಡಿದೆ. ಈರಪ್ಪನಿಗೆ ಆಗಲಿಲ್ಲ. ಅವನ ಬಲಭುಜ ಹಿಂದೆಯೇ ಒಮ್ಮೆ ಕಳಚಿತ್ತು. ಹಲ್ಲು ಕಚ್ಚಿ ಸುತ್ತಿಗೆ ಎತ್ತುವನು, ಅರ್ಧಕ್ಕೆ ಇಳಿಸುವನು. ನಾನು ಪಕ್ಕದಲ್ಲೇ ಇದ್ದೆ. ಕೆಲವು ವಾರ ನೋಡಿ ಸಾಹುಕಾರರು ಅವನಿಗೆ ಬರಬೇಡ ಅಂದರು.

ನಿನ್ನ ರಜೆ ಇನ್ನೂ ಮುಗಿದಿರಲಿಲ್ಲ; ಸುದ್ದಿ ಕೇಳಿ ನೀನು ತಿಕೋಟಾದಿಂದ ಓಡಿ ಬಂದೆ. ಅಂಗಳದಲ್ಲಿ ಎಲ್ಲರ ಎದುರು ನಿಂತು, "ನನ್ನ ಲೆಕ್ಕ ಎಲ್ಲೋ ತಪ್ಪೈತ್ರಿ, ಇನ್ನೊಮ್ಮೆ ಅಳೀತೀನಿ" ಅಂದೆ. ಸಾಹುಕಾರರು ನನ್ನನ್ನು ನೋಡಿದರು. "ನೀನ ಹೇಳೋ. ಅವತ್ತು ಮಾಡಿದ್ದು ದಿನದ ಓಟಾನೋ, ಅಲ್ಲೋ?"

ಬರಬೇಡ ಅಂದರೂ ಬಂದಿದ್ದ ಈರಪ್ಪ ತನ್ನ ಬುತ್ತಿಯ ಗಂಟು ಹಿಡಿದು ಬಾಗಿಲ ಬಳಿ ನಿಂತಿದ್ದ. ನಾನು ಅಲ್ಲ ಅಂದಿದ್ದರೆ ಅವನು ಒಳಗೆ ಬರುತ್ತಿದ್ದ. ಅಷ್ಟೇ ಸಾಕಿತ್ತು. ಆದರೆ ಅಷ್ಟು ಜನರ ನಡುವೆ, ನಾನು ಮೋಸ ಮಾಡಿದೆ ಅಂತ —

"ದಿನದ್ದರಿ" ಅಂದೆ.

ಯಾರೋ ಕೂಗಿದರು: "ಗಡಿಯಾರದ ಸಾಹೇಬ್ರ, ಇನ್ನ ಯಾರ ಅನ್ನಾ ಅಳ್ಯಾವ್ರು?" ನೀನು ಸಾಹುಕಾರರಿಗೆ ಮಾತ್ರ ಹೇಳಿದೆ: "ಕಾಕಾ ಸುಳ್ಳು ಹೇಳಾಂಗಿಲ್ರಿ. ತಪ್ಪು ನಂದ."

ಸಿದ್ಧರಾಮ, ಆ ಮಾತಿಗಿಂತ ನೀನು ನನ್ನ ಕಪಾಳಕ್ಕೆ ಹೊಡೆದಿದ್ದರೆ...

ಆ ವರ್ಷವೇ ನೀನು ಆ ಓದು ಬಿಟ್ಟೆಯೆಂದು ನಿಮ್ಮ ತಂದೆಯಿಂದ ತಿಳಿಯಿತು. ಬೇರೆ ಕಾರಣವಿದ್ದೀತು ಅಂತ ನನಗೆ ನಾನೇ ಹೇಳಿಕೊಂಡೆ. ನಿಮ್ಮ ತಂದೆಯನ್ನು ಕೇಳುವ ಧೈರ್ಯವಾಗಲಿಲ್ಲ.

ಮೊನ್ನೆ ಒಂದು ಮದುವೆಗೆಂದು ಬಬಲೇಶ್ವರಕ್ಕೆ ಹೋಗಿದ್ದೆ. ಈರಪ್ಪ ಕೈ ಹಿಡಿದು ಮನೆಗೆ ಕರೆದೊಯ್ದ, ಚಹಾ ಕೊಟ್ಟ. ಈಗ ಅವರಿವರ ಹೊಲದ ಕೂಲಿ. "ಆ ತಿಕೋಟಾದ ಸಿದ್ಧರಾಮ ನನ್ನ ಅನ್ನಾ ಕಸಕೊಂಡ್ನಲೇ. ಅವಂಗ ಒಳ್ಳೇದಾಗೂದಿಲ್ಲ" ಅಂದ. ಆಮೇಲೆ, "ನೀ ಗಟ್ಟಿ ಮನಷ್ಯಾ. ನಿನ್ನ ಮಾತು ಬ್ಯಾರೆ."

ನಾನು ಚಹಾ ಕುಡಿದೆ. ಕಪ್ಪು ಕೆಳಗಿಟ್ಟು, ಬರ್ತೀನಿ ಅಂತ ಎದ್ದು ಬಂದೆ. ಅವತ್ತು ಅಂಗಳದಲ್ಲಿ ಜನ ಇದ್ದರು, ಮೊನ್ನೆ ನಾವಿಬ್ಬರೇ ಇದ್ದೆವು — ಆದರೂ ಬಾಯಿ ಬಿಡಲಿಲ್ಲ.

ನೀನು ಕ್ಷಮಿಸಬೇಕೆಂದು ಇದನ್ನು ಬರೆದಿಲ್ಲ. ನಾಳೆ ಮೊದಲ ಬಸ್ಸಿಗೆ ಬಬಲೇಶ್ವರಕ್ಕೆ ಹೋಗುತ್ತೇನೆ. ಈರಪ್ಪ ಕೂಡು ಅಂದರೂ ಕೂಡುವುದಿಲ್ಲ, ಚಹಾ ಮುಟ್ಟುವುದಿಲ್ಲ. ಇಷ್ಟು ವರ್ಷ ಅವನು ಶಪಿಸಿದ ನಿನ್ನ ಹೆಸರನ್ನು ಅವನ ಬಾಯಿಂದ ತೆಗೆಸಿ, ಅಲ್ಲಿ ನನ್ನದನ್ನು ಇಟ್ಟು ಬರುತ್ತೇನೆ.