ಅವ್ವನ ಗೋಧಿ ಬಿಸ್ಕತ್ತು

೨೦೦೪ರ ದೀಪಾವಳಿಯ ಹಿಂದಿನ ದಿನ ಸಂಜೆ ನಾನು ರಾಣೆಬೆನ್ನೂರಿನ ಬೇಕರಿಯೊಂದರ ಭಟ್ಟಿಯ ಬಾಗಿಲಲ್ಲೇ ನಿಂತಿದ್ದೆ. ಸಕ್ಕರೆ ಕಾಯಿಲೆಯ ಅವ್ವನಿಗಾಗಿ ಮನೆಯ ಜವೆಗೋಧಿ ಹಿಟ್ಟು ಕೊಟ್ಟು, ಸಕ್ಕರೆಯಿಲ್ಲದ ಬಿಸ್ಕತ್ತು ಮಾಡಿಸಿಕೊಳ್ಳುವುದು ಹಲವು ವರ್ಷಗಳಿಂದ ನಮ್ಮ ರೂಢಿಯಾಗಿತ್ತು. ಅಂದು ಮಾಲೀಕ ನಮ್ಮ ಹಿಟ್ಟಿನ ಡಬ್ಬಿಯನ್ನು ಪಕ್ಕಕ್ಕಿಟ್ಟು, ಮೈದಾಕ್ಕೆ ಸಕ್ಕರೆ ಬೆರೆಸಿ, ಕಂದು ಬಣ್ಣ ಸುರಿದ.

“ಇದೇನ್ರಿ, ನಮ್ಮ ಹಿಟ್ಟು ಬಿಟ್ರಲ್ಲ?” ಎಂದೆ.

“ಬರೇ ಗೋಧಿ ಹಿಟ್ಟಾದ್ರ ಕಲ್ಲಾಗ್ತಾವ್ರಿ. ಯಾವಾಗ್ಲೂ ಹಿಂಗ ಮಾಡೋದು. ಬಣ್ಣ ಬಂದ್ರ ಸಾಕು, ಮುದುಕಿಗೇನ್ ತಿಳೀತೈತಿ?” ಎಂದು ನಕ್ಕ.

“ಆಕಿಗೆ ತಿಳೀಲಿಲ್ಲಂದ್ರೂ ಆಕಿ ಕಾಲಿನ ಹುಣ್ಣಿಗೆ ತಿಳೀತೈತೋ, ಮೂಳಾ!” ಜೊತೆಗೆ ಬಂದಿದ್ದ ನೆರೆಮನೆಯ ಶಾಂತವ್ವ ಗದರಿದಳು.

ಅಷ್ಟು ವರ್ಷ ಅವ್ವ ಅದನ್ನೇ ನಮ್ಮ ಗೋಧಿಯದೆಂದು ನಂಬಿ ತಿಂದಿದ್ದಳು. ಹುಣ್ಣು ಮಾಯಲಿಲ್ಲ. ಅವ್ವ ಈಗಿಲ್ಲ. ಅಂದು ಕಣ್ಣಾರೆ ಕಂಡ ಶಾಂತವ್ವ ಇನ್ನೂ ಇದ್ದಾಳೆ; ನಂಬದಿದ್ದರೆ ಅವಳನ್ನೇ ಕೇಳಿ.